ಕಲಿಸುವವರ ಕಲಿಕೆ

ಈಜನ್ನು ಕುರಿತು ಎಷ್ಟು ಪುಸ್ತಕಗಳನ್ನು ಓದಿದರೂ ನೀರಿಗೆ ಇಳಿಯದವನಿಗೆ ಈಜು ಬಾರದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ನೀರಿಗೆ ಇಳಿದ ಮಾತ್ರಕ್ಕೇ ಈಜು ಬಂದುಬಿಡುತ್ತದೆಯೆ? ಅದೂ ಇಲ್ಲ. ಹೊಸಬನ ಹೊಟ್ಟೆಯ ಕೆಳಗೆ ಕೈಯೊಡ್ಡಿ, "ಕಾಲು ಬಡಿ, ಉಸಿರು ಬಿಗಿಹಿಡಿಯಬೇಡ" ಎಂದು ಆ ಗಳಿಗೆಯಲ್ಲಿಯೇ ಹೇಳುವವನೊಬ್ಬನು ಪಕ್ಕದಲ್ಲಿರಬೇಕು. ಸಂಗೀತದ ಪಾಠದಲ್ಲಿಯೂ ಹೀಗೆಯೇ. ಶಿಷ್ಯನ ಗಾಂಧಾರ ಕೊಂಚ ಇಳಿದರೆ ಗುರುಗಳು ಅದನ್ನು ಮುಂದಿನ ವಾರ ತಿಳಿಸೋಣವೆಂದು ಬಿಡುವುದಿಲ್ಲ. ಆ ಸ್ವರದ ಮೇಲೆಯೇ ತಡೆದು, ತಾವು ಹಾಡಿ ತೋರಿಸಿ, ಮತ್ತೆ ಹಾಡಿಸುತ್ತಾರೆ.

ಪಾಠ ಹೇಳುವುದೂ ಇಂತಹುದೇ ಒಂದು ಕೌಶಲ. ಆದರೂ ತರಬೇತಿ ಮುಗಿಸಿ, ಪ್ರಮಾಣಪತ್ರ ಪಡೆದು, ತರಗತಿಯೊಳಗೆ ಕಾಲಿಟ್ಟ ದಿನದಿಂದ ಹೊಸ ಶಿಕ್ಷಕರು ಬಹುಮಟ್ಟಿಗೆ ಒಂಟಿಯಾಗಿಬಿಡುತ್ತಾರೆ. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಅವರು ಮಾಡುವುದು ಸರಿಯೋ ತಪ್ಪೋ ಎಂದು ಹೇಳುವವರು ಯಾರೂ ಇರುವುದಿಲ್ಲ. ಅನುಭವದಿಂದ ತಾವಾಗಿಯೇ ಕಲಿತುಕೊಳ್ಳುತ್ತಾರೆ ಎಂದು ಕೆಲವರು ಹೇಳಬಹುದು. ನಾಲ್ಕೈದು ವರ್ಷಗಳಲ್ಲಿ ಅನೇಕರು ಕಲಿತುಕೊಳ್ಳುವುದೂ ಉಂಟು. ಆದರೆ ಆ ನಾಲ್ಕೈದು ವರ್ಷಗಳಲ್ಲಿ ಅವರ ಮುಂದೆ ಕುಳಿತಿದ್ದ ಮಕ್ಕಳ ಗತಿಯೇನು? ಕಳೆದ ವರ್ಷವನ್ನು ಆ ಮಕ್ಕಳಿಗೆ ಮರಳಿ ಕೊಡುವವರು ಯಾರು? ಈ ಪ್ರಶ್ನೆ ಎಲ್ಲ ಶಾಲೆಗಳಿಗೂ ಅನ್ವಯಿಸುತ್ತದೆಯಾದರೂ, ವಿಶೇಷ ಶಿಕ್ಷಣದ ತರಗತಿಗಳಲ್ಲಿ ಅತ್ಯಂತ ತೀಕ್ಷ್ಣವಾಗಿ ಎದುರಾಗುತ್ತದೆ. ಅದಕ್ಕೆ ವಿಜ್ಞಾನವು ಕೊಟ್ಟಿರುವ ಉತ್ತರವನ್ನು ಇಲ್ಲಿ ವಿಚಾರ ಮಾಡೋಣ.

ವಿಶೇಷ ಶಿಕ್ಷಕರ ಕೆಲಸ

ದೃಷ್ಟಿ, ಶ್ರವಣ, ಬುದ್ಧಿಶಕ್ತಿ, ಚಲನೆ, ಮಾತು ಮೊದಲಾದವುಗಳಲ್ಲಿ ತೊಡಕು ಇರುವ ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕಂತೆ ಕಲಿಸುವುದೇ ವಿಶೇಷ ಶಿಕ್ಷಣ. ಸಾಮಾನ್ಯ ತರಗತಿಯಲ್ಲಿ ಶಿಕ್ಷಕರ ವಿವರಣೆಯಲ್ಲಿ ಒಂದು ಕೊರತೆಯಿದ್ದರೆ ಎಷ್ಟೋ ಮಕ್ಕಳು ಅದನ್ನು ತಾವೇ ತುಂಬಿಕೊಳ್ಳುತ್ತಾರೆ. ಪುಸ್ತಕದಿಂದ, ಗೆಳೆಯರಿಂದ, ಮನೆಯವರಿಂದ ಉಳಿದದ್ದು ಒದಗುತ್ತದೆ. ವಿಶೇಷ ಶಿಕ್ಷಕರ ಮುಂದಿರುವ ಮಗುವಿಗೆ ಇಂತಹ ಒಳದಾರಿಗಳು ಕಡಮೆ. ಶಿಕ್ಷಕರು ಬಿಟ್ಟದ್ದು ಅನೇಕ ವೇಳೆ ಬಿಟ್ಟೇ ಹೋಗುತ್ತದೆ.

ಕೈತೊಳೆಯುವ ಕೆಲಸವನ್ನೇ ತೆಗೆದುಕೊಳ್ಳೋಣ. ನಮಗೆ ಅದು ಒಂದೇ ಕ್ರಿಯೆ. ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಮಗುವಿಗೆ ಕಲಿಸುವಾಗ ಅದು ನಲ್ಲಿ ತಿರುಗಿಸುವುದು, ಕೈ ನೆನೆಸುವುದು, ಸಾಬೂನು ತೆಗೆದುಕೊಳ್ಳುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು ಎಂಬ ಏಳು ಹಂತಗಳಾಗಿ ಒಡೆಯುತ್ತದೆ. ಒಂದೊಂದು ಹಂತದಲ್ಲಿಯೂ ಎಷ್ಟು ನೆರವು ಬೇಕೆಂಬುದನ್ನು ಶಿಕ್ಷಕಿ ತೀರ್ಮಾನಿಸಬೇಕು. ಮೊದಲು ಸುಮ್ಮನೆ ಕಾಯುವುದು. ಆಗದಿದ್ದರೆ ಒಂದು ಮಾತಿನ ಸುಳಿವು. ಅದೂ ಸಾಲದಿದ್ದರೆ ಬೆರಳಿನಿಂದ ತೋರಿಸುವುದು. ಬಳಿಕ ತಾನೇ ಮಾಡಿ ತೋರಿಸುವುದು. ಎಲ್ಲಕ್ಕೂ ಕೊನೆಯಲ್ಲಿ ಕೈಹಿಡಿದು ಮಾಡಿಸುವುದು. ನೆರವು ಕಡಮೆಯಾದರೆ ಮಗು ಸೋತು ಕೈಬಿಡುತ್ತದೆ. ಹೆಚ್ಚಾದರೆ ಇನ್ನೊಂದು ಅಪಾಯ: ಮಗು ಕೈತೊಳೆಯುವುದನ್ನು ಕಲಿಯುವುದಿಲ್ಲ, ಶಿಕ್ಷಕಿಯ ಕೈಗಾಗಿ ಕಾದು ನಿಲ್ಲುವುದನ್ನು ಕಲಿಯುತ್ತದೆ. ಈ ತೀರ್ಮಾನಗಳನ್ನು ಕೆಲವೇ ಸೆಕೆಂಡುಗಳಲ್ಲಿ, ಬೇರೆ ಮಕ್ಕಳ ಮೇಲೂ ಒಂದು ಕಣ್ಣಿಟ್ಟು, ದಿನಕ್ಕೆ ನೂರಾರು ಸಲ ಮಾಡಬೇಕಾಗುತ್ತದೆ. ತತ್ತ್ವವನ್ನು ಪುಸ್ತಕದಿಂದ ಕಲಿಯಬಹುದು. ಆ ಗಳಿಗೆಯ ತೀರ್ಮಾನವನ್ನು ಪುಸ್ತಕ ಕಲಿಸಲಾರದು.

ಒಬ್ಬಂಟಿ ಶಿಕ್ಷಕಿಯ ಕಥೆ

ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧವಾದ ದೃಷ್ಟಾಂತವಿದೆ. 1887ರ ಮಾರ್ಚ್ 3ರಂದು ಅಮೆರಿಕೆಯ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿಗೆ ಇಪ್ಪತ್ತು ವರ್ಷದ ತರುಣಿಯೊಬ್ಬಳು ಬಂದಿಳಿದಳು. ಅವಳೇ ಆನ್ ಸಲ್ಲಿವನ್. ಅವಳು ಕಲಿಸಬೇಕಾಗಿದ್ದುದು ಕಣ್ಣು ಕಾಣದ, ಕಿವಿ ಕೇಳದ, ಇನ್ನೂ ಏಳು ವರ್ಷ ತುಂಬದ ಹೆಲೆನ್ ಕೆಲ್ಲರ್‌ಗೆ. ಆನ್ ಸಿದ್ಧತೆಯಿಲ್ಲದೆ ಬಂದವಳಲ್ಲ. ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಓದಿದ್ದಳು. ಅಲ್ಲಿ ಡಾಕ್ಟರ್ ಹೋ ಅವರು ಲಾರಾ ಬ್ರಿಜ್‌ಮನ್ ಎಂಬ ಇಂತಹುದೇ ಹುಡುಗಿಗೆ ಕಲಿಸಿದ ಬಗೆಯ ವರದಿಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳು. ಆದರೆ ಊಟದ ಮೇಜಿನ ಬಳಿ ಹೆಲೆನ್ ಹಠಹಿಡಿದು ಕಾದಾಡಿದಾಗ ಏನು ಮಾಡಬೇಕೆಂದು ಆ ಗಳಿಗೆಯಲ್ಲಿ ಹೇಳುವವರು ಅಲ್ಲಿ ಯಾರಿದ್ದರು? ತನ್ನ ಸಂದೇಹಗಳನ್ನೂ ಪ್ರಯತ್ನಗಳನ್ನೂ ಅವಳು ಪರ್ಕಿನ್ಸ್ ಶಾಲೆಯಲ್ಲಿದ್ದ ಹಿತೈಷಿಣಿಯೊಬ್ಬಳಿಗೆ ಪತ್ರಗಳಲ್ಲಿ ಬರೆಯುತ್ತಿದ್ದಳು. ಪತ್ರವು ತಲಪಿ ಉತ್ತರ ಬರುವ ವೇಳೆಗೆ ಆ ಗಳಿಗೆ ಕಳೆದುಹೋಗಿ ಎಷ್ಟೋ ದಿನಗಳಾಗಿರುತ್ತಿದ್ದವು.

ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ ಹೆಲೆನಳಿಗೆ ಪದಕ್ಕೂ ವಸ್ತುವಿಗೂ ಇರುವ ಸಂಬಂಧ ಹೊಳೆದ ಕಥೆ ಜಗತ್ತಿಗೆಲ್ಲ ತಿಳಿದಿದೆ. ಅದಕ್ಕಿಂತ ಕಡಮೆ ಪ್ರಸಿದ್ಧವಾದ ಸಂಗತಿಯೊಂದುಂಟು. ಆನ್ ಮುಂದೆ ಹೆಲೆನಳ ಬಂಧುವಾದ ಹದಿನೈದು ತಿಂಗಳ ಕೂಸೊಂದನ್ನು ಗಮನವಿಟ್ಟು ನೋಡಿದಳು. ಮಾತು ಬಾರದ ಆ ಕೂಸಿನೊಡನೆ ಎಲ್ಲರೂ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು. ಅದು ಅರ್ಥ ಮಾಡಿಕೊಳ್ಳುತ್ತಿತ್ತು. ಅಂದಿನಿಂದ ಆನ್ ಬಿಡಿ ಪದಗಳ ಪಾಠವನ್ನು ಬಿಟ್ಟು ಹೆಲೆನಳ ಅಂಗೈಯಲ್ಲಿ ಪೂರ್ಣ ವಾಕ್ಯಗಳನ್ನೇ ಬರೆಯತೊಡಗಿದಳು. ತಾನು ಮಾಡಿದ್ದರ ಫಲವನ್ನು ನೋಡಿ, ತನ್ನ ಕ್ರಮವನ್ನು ತಾನೇ ತಿದ್ದಿಕೊಳ್ಳುವ ಶಕ್ತಿ ಅವಳಲ್ಲಿತ್ತು. ಪ್ರತಿಯೊಂದು ಶಾಲೆಗೂ ಒಬ್ಬ ಆನ್ ಸಲ್ಲಿವನ್ ದೊರೆಯುವಳೆಂದು ನಾವು ನೆಚ್ಚಿಕೊಂಡಿರುವಂತಿಲ್ಲ. ಅಸಾಧಾರಣರಲ್ಲಿ ತಾನಾಗಿ ನಡೆಯುವ ಈ ಕ್ರಿಯೆಯನ್ನು ಸಾಧಾರಣರಲ್ಲಿ ನಡೆಯುವಂತೆ ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಹಿಮ್ಮಾಹಿತಿ ಎಂದರೇನು?

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಒಂದು ಪರಿಚಿತ ತತ್ತ್ವವು ಕಾಣುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಗವರ್ನರ್ ಎಂಬ ವೇಗನಿಯಂತ್ರಕವನ್ನು ಅಳವಡಿಸಿದನು. ಯಂತ್ರದ ವೇಗ ಹೆಚ್ಚಿದರೆ ಅದರೊಡನೆ ತಿರುಗುವ ಎರಡು ಗುಂಡುಗಳು ಹೊರಕ್ಕೆ ಚಾಚುತ್ತವೆ. ಆ ಚಾಚುವಿಕೆಯೇ ಉಗಿಯ ಕವಾಟವನ್ನು ಕೊಂಚ ಮುಚ್ಚುತ್ತದೆ. ವೇಗ ತಗ್ಗಿದರೆ ಗುಂಡುಗಳು ಇಳಿದು ಕವಾಟ ತೆರೆಯುತ್ತದೆ. ಹೀಗೆ ಕ್ರಿಯೆಯ ಫಲವು ಹಿಂತಿರುಗಿ ಬಂದು ಕ್ರಿಯೆಯನ್ನೇ ತಿದ್ದುವುದನ್ನು ಹಿಮ್ಮಾಹಿತಿ ಎನ್ನುತ್ತೇವೆ.

ಹಿಮ್ಮಾಹಿತಿ ಇದ್ದರೆ ಸಾಲದು. ಅದು ತಡವಾಗಿ ಬರಬಾರದು. ಇದನ್ನು ವಾಚಕರು ತಮ್ಮ ಬಚ್ಚಲಮನೆಯಲ್ಲಿಯೇ ಪರೀಕ್ಷಿಸಬಹುದು. ಮಹಡಿಯ ಮೇಲಿನ ಸೌರ ಹಂಡೆಯಿಂದ ಉದ್ದವಾದ ಕೊಳವೆಯಲ್ಲಿ ನೀರು ಇಳಿದು ಬರುತ್ತದೆ. ನಲ್ಲಿಯಲ್ಲಿ ನೀರು ತಣ್ಣಗಿದೆಯೆಂದು ಬಿಸಿನೀರನ್ನು ಹೆಚ್ಚು ತಿರುಗಿಸುತ್ತೇವೆ. ಕೂಡಲೇ ಬಿಸಿಯಾಗದುದರಿಂದ ಇನ್ನೂ ತಿರುಗಿಸುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಸುಡುವ ನೀರು ಸುರಿಯುತ್ತದೆ. ಹೆದರಿ ಪೂರಾ ಹಿಂದಕ್ಕೆ ತಿರುಗಿಸಿದರೆ ಮತ್ತೆ ತಣ್ಣೀರು. ಮಾಡಿದ್ದಕ್ಕೂ ಫಲ ತಿಳಿಯುವುದಕ್ಕೂ ನಡುವೆ ಬಿದ್ದ ಅಂತರವೇ ಈ ತೂಗಾಟಕ್ಕೆ ಕಾರಣ. ಹೊಸ ಶಿಕ್ಷಕಿಯ ಸ್ಥಿತಿಯೂ ಇದೇ. ಇಂದಿನ ಪಾಠದ ದೋಷವನ್ನು ತಿಂಗಳ ಕೊನೆಯ ವರದಿಯಲ್ಲಿ ತಿಳಿಸಿದರೆ, ಆ ವೇಳೆಗೆ ಅವಳು ಅದೇ ದೋಷವನ್ನು ನೂರು ಸಲ ಅಭ್ಯಾಸ ಮಾಡಿರುತ್ತಾಳೆ. ಅಭ್ಯಾಸವು ಒಳ್ಳೆಯದನ್ನು ಬಲಪಡಿಸುವಷ್ಟೇ ನಿಷ್ಪಕ್ಷಪಾತವಾಗಿ ಕೆಟ್ಟದ್ದನ್ನೂ ಬಲಪಡಿಸುತ್ತದೆ.

ಕಿವಿಯಲ್ಲಿ ಒಂದು ಮಾತು

ಈ ಅಂತರವನ್ನು ಕಿರಿದು ಮಾಡುವುದು ಹೇಗೆ? 1952ರಲ್ಲಿ ಕಾರ್ನರ್ ಮತ್ತು ಬ್ರೌನ್ ಎಂಬ ಮನೋವಿಜ್ಞಾನಿಗಳು ತಮ್ಮ ವಿದ್ಯಾರ್ಥಿಗಳ ತರಬೇತಿಗೆ ಬಳಸಿದ ಸಾಧನವೊಂದನ್ನು ವರ್ಣಿಸಿದರು. ವಿದ್ಯಾರ್ಥಿಯ ಕಿವಿಯಲ್ಲಿ ಪುಟ್ಟ ಶ್ರವಣಸಾಧನ. ಮರೆಯಲ್ಲಿದ್ದು ನೋಡುತ್ತಿರುವ ಗುರುವಿನ ಮಾತು ಅವನಿಗೆ ಮಾತ್ರ ಕೇಳಿಸುತ್ತದೆ. ಇದನ್ನು ಅವರು 'ಯಾಂತ್ರಿಕ ಮೂರನೆಯ ಕಿವಿ' ಎಂದು ಕರೆದರು. ಮುಂದೆ ಇದೇ ಉಪಾಯವು ಶಿಕ್ಷಕರ ತರಬೇತಿಗೂ ಬಂದಿತು. 2004ರಲ್ಲಿ ಶೀಲರ್ ಮತ್ತು ಸಂಗಡಿಗರು ಶಿಕ್ಷಕರಿಗೆ ಹಿಮ್ಮಾಹಿತಿ ನೀಡುವ ಬಗೆಗಳನ್ನು ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಕೂಡಲೇ ಕೊಟ್ಟ ಹಿಮ್ಮಾಹಿತಿಯೇ ಹೆಚ್ಚು ಫಲಕಾರಿಯೆಂದು ಕಂಡುಕೊಂಡರು. 2009ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಮಾರ್ಸಿಯಾ ರಾಕ್ ಮತ್ತು ಸಂಗಡಿಗರು ಅಂತರಜಾಲ, ಕ್ಯಾಮೆರಾ ಮತ್ತು ತಂತಿಯಿಲ್ಲದ ಕಿವಿಯ ಸಾಧನ ಇವನ್ನು ಜೋಡಿಸಿ, ತರಬೇತಿಯಲ್ಲಿದ್ದ ವಿಶೇಷ ಶಿಕ್ಷಕರಿಗೆ ದೂರದಿಂದಲೇ ಮಾರ್ಗದರ್ಶನ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಆನ್ ಸಲ್ಲಿವನ್ ಪತ್ರಕ್ಕಾಗಿ ಕಾದ ರಾಜ್ಯದಲ್ಲಿಯೇ, ಸುಮಾರು ನೂರಿಪ್ಪತ್ತು ವರ್ಷಗಳ ಬಳಿಕ, ಉತ್ತರವು ಸೆಕೆಂಡಿನಲ್ಲಿ ಬರುವಂತಾಯಿತು.

ಪಾಠ ನಡೆಯುತ್ತಿರುವಾಗ ಕಿವಿಯಲ್ಲಿ ಮಾತು ಬಂದರೆ ಗಮನ ಕೆಡುವುದಿಲ್ಲವೆ? ಇದು ನ್ಯಾಯವಾದ ಶಂಕೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಎರಡು ಕಿವಿಗಳಲ್ಲಿ ಎರಡು ಬೇರೆ ಬೇರೆ ಭಾಷಣಗಳನ್ನು ಕೇಳಿಸಿ ಪರೀಕ್ಷಿಸಿದನು. ಕೇಳುವವರು ಒಂದನ್ನು ಅನುಸರಿಸಬಲ್ಲವರಾಗಿದ್ದರು. ಇನ್ನೊಂದರಲ್ಲಿ ಏನು ಹೇಳಿತೆಂಬುದು ಅವರಿಗೆ ಬಹುಪಾಲು ತಿಳಿಯುತ್ತಲೇ ಇರಲಿಲ್ಲ. ಆದುದರಿಂದ ಮಾರ್ಗದರ್ಶಕರು ಕಿವಿಯಲ್ಲಿ ಉಪನ್ಯಾಸ ಮಾಡುವಂತಿಲ್ಲ. "ಕಾಯಿರಿ", "ಚೆನ್ನಾಯಿತು", "ಬಲಗಡೆಯ ಹುಡುಗಿಯನ್ನು ನೋಡಿ", "ಹೆಸರು ಹಿಡಿದು ಹೊಗಳಿ" — ಮೂರು ನಾಲ್ಕು ಪದಗಳು ಸಾಕು. ಹುರಿದುಂಬಿಸುವುದು, ಪ್ರಶ್ನಿಸುವುದು, ತಿಳಿಸುವುದು, ತಿದ್ದುವುದು ಎಂಬ ನಾಲ್ಕು ಬಗೆಗಳಲ್ಲಿ ಈ ಮಾತುಗಳನ್ನು ವಿಂಗಡಿಸಬಹುದು. ಇವುಗಳಲ್ಲಿ ತಿದ್ದುವ ಮಾತೊಂದೇ ಕೇಳಿಬರುತ್ತಿದ್ದರೆ ಶಿಕ್ಷಕಿ ಕಿವಿಯ ಸಾಧನವನ್ನು ಕಿತ್ತೊಗೆದರೆ ಆಶ್ಚರ್ಯವಿಲ್ಲ.

ಸಾಧನವೇ ಮುಖ್ಯವೆಂದು ಭಾವಿಸಬಾರದು. ಹಿಂದಿನ ಬೆಂಚಿನಲ್ಲಿ ಕುಳಿತು ಮೊದಲೇ ಗೊತ್ತುಮಾಡಿಕೊಂಡ ಬಣ್ಣದ ರಟ್ಟೊಂದನ್ನು ಎತ್ತಿ ತೋರಿಸಿದರೂ ಆದೀತು. ಪಾಠ ಮುಗಿದೊಡನೆಯೇ ಹತ್ತು ನಿಮಿಷ ಮಾತನಾಡಿದರೂ ತಿಂಗಳ ವರದಿಗಿಂತ ಅದು ಎಷ್ಟೋ ಮೇಲು.

ಕಾಯುವ ಕಲೆ

ಮಾರ್ಗದರ್ಶಕರು ನೋಡುವುದೇನು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕೆಯ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಳು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು! ಆಮೇಲೆ ಪ್ರಶ್ನೆಯನ್ನು ಮತ್ತೆ ಹೇಳುತ್ತಿದ್ದರು, ಇಲ್ಲವೆ ಬೇರೆಯವರನ್ನು ಕೇಳುತ್ತಿದ್ದರು. ಆ ಅವಧಿಯನ್ನು ಮೂರು ಸೆಕೆಂಡುಗಳಿಗೋ ಅದಕ್ಕೂ ಹೆಚ್ಚಿಗೋ ಏರಿಸಿದಾಗ ಉತ್ತರಗಳು ನೀಳವಾದವು. ಉತ್ತರವೇ ಬಾರದ ಸಂದರ್ಭಗಳು ಕಡಮೆಯಾದವು. ಮಂದಗತಿಯವರೆಂದು ಎಣಿಸಿದ್ದ ಮಕ್ಕಳೂ ಬಾಯಿಬಿಟ್ಟರು.

ಆಲೋಚನೆಗೆ ಕಾಲ ಬೇಕೆಂಬುದು ಹೊಸ ಮಾತಲ್ಲ. 1850ರಲ್ಲಿಯೇ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 30 ಮೀಟರಿನಷ್ಟು ಮಿತವಾದ ವೇಗದಲ್ಲಿ ಸಾಗುತ್ತದೆಂದು ಅಳೆದು ತೋರಿಸಿದ್ದನು. ಪ್ರಶ್ನೆಯನ್ನು ಕೇಳಿ, ಅರ್ಥಮಾಡಿಕೊಂಡು, ಉತ್ತರವನ್ನು ಹುಡುಕಿ, ಪದ ಜೋಡಿಸಿ, ನಾಲಗೆಯನ್ನು ಆಡಿಸುವುದರಲ್ಲಿ ಎಷ್ಟು ಹಂತಗಳಿವೆ! ಮಿದುಳಿನ ಪಾರ್ಶ್ವವಾಯುವಿರುವ ಮಗುವಿಗೆ ಉತ್ತರ ಹೊಳೆದಿದ್ದರೂ ತುಟಿ ನಾಲಗೆಗಳು ಕೂಡಿಬರಲು ಬಹಳ ಹೊತ್ತು ಬೇಕಾಗಬಹುದು. ಒಂದು ಸೆಕೆಂಡಿಗೆ ಮುಂದೆ ಸರಿದ ಶಿಕ್ಷಕಿ "ಇವನಿಗೆ ಬರುವುದಿಲ್ಲ" ಎಂದು ಗುರುತು ಹಾಕಿಕೊಳ್ಳುತ್ತಾಳೆ. ಬಾರದಿದ್ದುದು ಉತ್ತರವಲ್ಲ, ಅವಕಾಶ.

ಈ ದೋಷವು ಮಾಡುವವರಿಗೆ ಕಾಣುವುದಿಲ್ಲ. ತರಗತಿಯ ಮೌನದಲ್ಲಿ ಮೂರು ಸೆಕೆಂಡುಗಳು ಅರ್ಧ ನಿಮಿಷದಂತೆ ತೋರುತ್ತವೆ. ಪಕ್ಕದಲ್ಲಿ ಗಡಿಯಾರ ಹಿಡಿದು ಕುಳಿತವರಿಗೆ ಮಾತ್ರ ಅದು ಕಾಣುತ್ತದೆ. "ನೀವು ತಾಳ್ಮೆಯಿಂದಿರಬೇಕು" ಎಂಬ ಉಪದೇಶದಿಂದ ಪ್ರಯೋಜನವಿಲ್ಲ. "ಇವತ್ತು ಹತ್ತು ಪ್ರಶ್ನೆ ಕೇಳಿದಿರಿ ಮೇಡಂ, ಏಳಕ್ಕೆ ನೀವೇ ಉತ್ತರ ಹೇಳಿಬಿಟ್ಟಿರಿ. ನಾಳೆ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದು ಎಣಿಸಿ ನೋಡೋಣ" ಎಂಬ ಮಾತಿನಲ್ಲಿ ಅಳತೆಯಿದೆ, ಮರುದಿನ ಮಾಡಬೇಕಾದ ಕೆಲಸವೂ ಇದೆ.

ತನಿಖೆಯಲ್ಲ, ಜೊತೆ

ಹಿಂದಿನ ಬೆಂಚಿನಲ್ಲಿ ಯಾರಾದರೂ ಬಂದು ಕುಳಿತರೆಂದರೆ ನಮ್ಮ ಶಾಲೆಗಳಲ್ಲಿ ಮೊದಲು ನೆನಪಾಗುವುದು ತನಿಖಾಧಿಕಾರಿಗಳ ಭೇಟಿ. ಅಂದಿನ ಪಾಠ ಎಂದಿನ ಪಾಠವಾಗಿರುವುದಿಲ್ಲ. ಪುಟ್ಟ ಲೋಟದ ಬಿಸಿನೀರಿಗೆ ದಪ್ಪನೆಯ ಉಷ್ಣಮಾಪಕವನ್ನು ಅದ್ದಿದರೆ ಅದು ತಾನೇ ಶಾಖವನ್ನು ಹೀರಿ ನೀರನ್ನು ತಣಿಸುತ್ತದೆ. ಅದು ತೋರಿಸುವುದು ನೀರಿನ ನಿಜವಾದ ಉಷ್ಣತೆಯಲ್ಲ. ಭಯ ಹುಟ್ಟಿಸುವ ವೀಕ್ಷಕನೂ ಹೀಗೆಯೇ, ತಾನು ನೋಡಬೇಕಾದುದನ್ನು ತಾನೇ ಬದಲಾಯಿಸಿಬಿಡುತ್ತಾನೆ. ಆದುದರಿಂದ ಮಾರ್ಗದರ್ಶಕರ ಟಿಪ್ಪಣಿ ಬಡ್ತಿಗೂ ವೇತನಕ್ಕೂ ತಳಕು ಹಾಕಿಕೊಳ್ಳಬಾರದು. ಅವರು ಆಗಾಗ ತಾವೂ ಎದ್ದು ಪಾಠ ಮಾಡಿ ತೋರಿಸಬೇಕು. ಅದು ಕೆಟ್ಟರೆ ಶಿಕ್ಷಕಿಯೊಡನೆ ಕುಳಿತು ಕಾರಣ ಹುಡುಕಬೇಕು. ಕ್ಯಾಮೆರಾ ಬಳಸುವುದಾದರೆ ಮಕ್ಕಳ ತಂದೆತಾಯಿಗಳ ಒಪ್ಪಿಗೆ ಪಡೆಯುವುದು ಅವಶ್ಯ.

ಸಾರುವೆಯನ್ನು ಬಿಚ್ಚುವುದು

1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಮನೋವಿಜ್ಞಾನಿಗಳು ಕಲಿಯುವವರಿಗೆ ಕೊಡುವ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಗೋಡೆ ಏಳುವವರೆಗೆ ಸಾರುವೆ ಬೇಕು. ಎದ್ದ ಮೇಲೆ ಬಿಚ್ಚಬೇಕು. ಶಿಕ್ಷಕಿ ಮಗುವಿಗೆ ಕೊಡುವ ಸುಳಿವುಗಳನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳುವಂತೆಯೇ ಮಾರ್ಗದರ್ಶಕರೂ ತಮ್ಮ ಮಾತನ್ನು ಕಡಮೆ ಮಾಡುತ್ತ ಬರಬೇಕು. ಮೊದಲ ವಾರಗಳಲ್ಲಿ "ಈಗ ಕಾಯಿರಿ" ಎಂದು ಹೇಳಿದವರು ಮುಂದೆ "ಈಗ ಏನು ಮಾಡುತ್ತೀರಿ?" ಎಂದು ಕೇಳಬೇಕು, ಕೊನೆಗೆ ಸುಮ್ಮನಿರಬೇಕು. ಆ ವೇಳೆಗೆ ಹೊರಗಿನ ಧ್ವನಿ ಶಿಕ್ಷಕಿಯ ಒಳಗಿನ ಧ್ವನಿಯಾಗಿರುತ್ತದೆ. ಮಾರ್ಗದರ್ಶಕರು ಎದ್ದುಹೋದ ಮರುದಿನವೇ ಹಳೆಯ ರೂಢಿ ಮರಳಿದರೆ ಸಾರುವೆಯನ್ನು ಬೇಗ ಬಿಚ್ಚಿದೆವೆಂದು ಅರ್ಥ. ಒಂದು ವರ್ಷವಾದರೂ ಅವರ ಮುಖ ನೋಡದೆ ಹೆಜ್ಜೆಯಿಡಲಾಗದಿದ್ದರೆ ಬಿಚ್ಚುವುದನ್ನೇ ಮರೆತೆವೆಂದು ಅರ್ಥ.

ಇದರಿಂದ ಫಲವೆಷ್ಟು?

ಈ ವಿಷಯವನ್ನು ಮೊದಲು ಪ್ರಬಲವಾಗಿ ಎತ್ತಿಹಿಡಿದವರು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್. ಉಪನ್ಯಾಸ, ಪ್ರದರ್ಶನ, ಅಭ್ಯಾಸ ಇಷ್ಟರಿಂದಲೇ ತರಬೇತಿಯ ವಿದ್ಯೆ ತರಗತಿಯವರೆಗೆ ತಲಪುವುದು ಅತ್ಯಲ್ಪವೆಂದೂ, ತರಗತಿಯಲ್ಲಿಯೇ ಮಾರ್ಗದರ್ಶನ ಸೇರಿದರೆ ಬಹುಪಾಲು ತಲಪುವುದೆಂದೂ ಅವರು ಅಂದಾಜು ಮಾಡಿದರು. ಅಂದಾಜಿಗೂ ಅಳತೆಗೂ ವ್ಯತ್ಯಾಸವುಂಟು. 2018ರಲ್ಲಿ ಕ್ರಾಫ್ಟ್, ಬ್ಲೇಜರ್ ಮತ್ತು ಹೋಗನ್ ಎಂಬವರು 60 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಇವು ಎಲ್ಲ ಬಗೆಯ ಶಿಕ್ಷಕರನ್ನು ಕುರಿತವು. ವಿಶೇಷ ಶಿಕ್ಷಕರನ್ನು ಮಾತ್ರವೇ ಕುರಿತವಲ್ಲ. ಬೋಧನೆಯ ಗುಣ 0.49 ಮಾನಕ ವಿಚಲನೆಯಷ್ಟು, ಮಕ್ಕಳ ಕಲಿಕೆ 0.18 ಮಾನಕ ವಿಚಲನೆಯಷ್ಟು ಮೇಲೇರಿತ್ತು. ನೂರು ಮಂದಿ ಶಿಕ್ಷಕರನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿದರೆ, ನಡುವೆ 50ನೆಯ ಸ್ಥಾನದಲ್ಲಿದ್ದವರು ಸುಮಾರು 69ನೆಯ ಸ್ಥಾನಕ್ಕೆ ಏರಿದಂತೆ. ಮಕ್ಕಳ ಸಾಲಿನಲ್ಲಿ 50ರಲ್ಲಿದ್ದ ಮಗು ಸುಮಾರು 57ಕ್ಕೆ ಬಂದಂತೆ. ಇದು ಪವಾಡವಲ್ಲ, ಆದರೆ ಅಲಕ್ಷಿಸತಕ್ಕುದೂ ಅಲ್ಲ. ಇನ್ನೊಂದು ಅಂಶವನ್ನೂ ಅವರು ಗುರುತಿಸಿದರು: ಯೋಜನೆಯು ಬಹಳ ಮಂದಿ ಶಿಕ್ಷಕರಿಗೆ ಹರಡಿದಷ್ಟೂ ಫಲ ತಗ್ಗುತ್ತಿತ್ತು. ಒಳ್ಳೆಯ ಮಾರ್ಗದರ್ಶಕರನ್ನು ಸುತ್ತೋಲೆ ಹೊರಡಿಸಿ ಸೃಷ್ಟಿಸಲಾಗುವುದಿಲ್ಲ.

ನಮ್ಮ ನಾಡಿನ ಮಾತು

2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು ಸುಮಾರು 2.68 ಕೋಟಿ. 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಈ ಮಕ್ಕಳು ಉಳಿದ ಮಕ್ಕಳೊಡನೆ ಕೂಡಿ ಕಲಿಯುವ ಹಕ್ಕನ್ನು ಸ್ಪಷ್ಟಪಡಿಸಿತು. 1992ರ ಕಾಯಿದೆಯ ಮೇರೆಗೆ ಭಾರತೀಯ ಪುನರ್ವಸತಿ ಪರಿಷತ್ತು ವಿಶೇಷ ಶಿಕ್ಷಕರ ಶಿಕ್ಷಣವನ್ನೂ ನೋಂದಣಿಯನ್ನೂ ನೋಡಿಕೊಳ್ಳುತ್ತದೆ. ಮೈಸೂರಿನಲ್ಲಿ 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳೂ ನಮ್ಮಲ್ಲಿವೆ. ಕಾಯಿದೆ, ಪದವಿ, ಸಂಸ್ಥೆ ಎಲ್ಲವೂ ಅಗತ್ಯ. ಇವೆಲ್ಲ ಮುಗಿದ ಮೇಲೆ, ತಾಲ್ಲೂಕಿನ ಯಾವುದೋ ಶಾಲೆಯಲ್ಲಿ ಹೊಸ ಶಿಕ್ಷಕಿಯೊಬ್ಬಳು ಮೊದಲ ಸಲ ಮಗುವಿನ ಎದುರು ಕುಳಿತಾಗ ಅವಳ ಜೊತೆಗೆ ಯಾರಿರುತ್ತಾರೆ ಎಂಬುದು ಉಳಿಯುವ ಪ್ರಶ್ನೆ. ಶಾಲೆಯಿಂದ ಶಾಲೆಗೆ ಸುತ್ತುವ ಅನುಭವಿಗಳು ಒಂದು ಶಾಲೆಗೆ ದಿನಾಲೂ ಬರಲಾರರು. ಆದರೆ ಕಿಸೆಯಲ್ಲಿರುವ ದೂರವಾಣಿಯ ಮೂಲಕ ಅವರ ಕಣ್ಣೂ ಕಿವಿಯೂ ಬರಬಲ್ಲವು. ಅದೂ ಆಗದಿದ್ದರೆ ಪಕ್ಕದ ಕೊಠಡಿಯ ಸಹೋದ್ಯೋಗಿಯೇ ವಾರಕ್ಕೊಂದು ಅವಧಿ ಬಂದು ಕುಳಿತು, ಒಂದೇ ಒಂದು ಸಂಗತಿಯನ್ನು ಎಣಿಸಿ ಹೇಳಬಹುದು.

ಈ ಪುಟಗಳನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಶಿಕ್ಷಕರಾಗುವಿರಿ. ಅಂದು ಹಿರಿಯರೊಬ್ಬರು ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡುತ್ತೇವೆಂದರೆ ಸಂಕೋಚಪಡಬೇಡಿರಿ. ಯಾರೂ ಬಾರದಿದ್ದರೆ ನೀವಾಗಿಯೇ ಕರೆಯಿರಿ. ನಲ್ಲಿಯ ಮುಂದೆ ನಿಂತ ಹುಡುಗನೊಬ್ಬನು, ಯಾರೂ ಹೇಳದೆ, ಯಾರ ಕೈಯನ್ನೂ ನೋಡದೆ, ಏಳನೆಯ ಹಂತವನ್ನು ಮುಗಿಸಿ ತಾನೇ ಕೈಯೊರೆಸಿಕೊಂಡು ಹೊರಟಾಗ, ಆ ಹಿರಿಯರು ನಿಮ್ಮ ಕಿವಿಯಲ್ಲಿ ಹೇಳಿದ ನಾಲ್ಕು ಮಾತಿನ ಬೆಲೆ ನಿಮಗೆ ತಿಳಿಯುತ್ತದೆ.